ಅಂಗಡಿ ಬ್ರಿಟನ್ನಿನಲ್ಲಿ, ಲೆಕ್ಕ ವೈಟ್‌ಫೀಲ್ಡ್‌ನಲ್ಲಿ: ವಿದೇಶಿ ಚಿಲ್ಲರೆ ವ್ಯಾಪಾರದ ಹಣಕಾಸು ಅಪಾಯಗಳು

ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಚೆನ್ನೈ ರೈಲು ಮಾರ್ಗದ ಮಗ್ಗುಲಲ್ಲಿರುವ ಹೂಡಿ ಒಂದು ಕಾಲಕ್ಕೆ ಹಳ್ಳಿಯಾಗಿತ್ತು. 2023ರ ಮಾರ್ಚ್‌ನಲ್ಲಿ ಕೃಷ್ಣರಾಜಪುರ–ವೈಟ್‌ಫೀಲ್ಡ್ ನಡುವೆ ಮೆಟ್ರೊ ರೈಲು ಆರಂಭವಾದಾಗ ಹೂಡಿಗೂ ಒಂದು ನಿಲ್ದಾಣ ದೊರೆಯಿತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶವಿದೆ. ಜನರ ಬಾಯಲ್ಲಿ ಅದು ಇಪಿಐಪಿ. ಬ್ರಿಟನ್ನಿನ ಅತಿದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯಾದ ಟೆಸ್ಕೊ 2004ರಲ್ಲಿ ತನ್ನ ‘ಹಿಂದೂಸ್ತಾನ್ ಸರ್ವಿಸ್ ಸೆಂಟರ್’ ತೆರೆದದ್ದು ಈ ವೈಟ್‌ಫೀಲ್ಡ್ ಪರಿಸರದಲ್ಲಿಯೇ. ಮಾಹಿತಿ ತಂತ್ರಜ್ಞಾನ, ಲೆಕ್ಕಪತ್ರ, ಖರೀದಿ ವಿಭಾಗದ ನೆರವು, ಅಂಗಡಿಗಳ ವಿನ್ಯಾಸ ಮುಂತಾದ ಕೆಲಸಗಳು ಇಲ್ಲಿಗೆ ಬಂದವು. ಅಮೆರಿಕದ ಟಾರ್ಗೆಟ್, ಲೋಸ್, ವಾಲ್‌ಮಾರ್ಟ್ ಸಂಸ್ಥೆಗಳೂ ಬೆಂಗಳೂರಿನಲ್ಲಿ ಇಂಥ ಕೇಂದ್ರಗಳನ್ನು ಸ್ಥಾಪಿಸಿವೆ.

ಹೀಗಾಗಿ ಎಲ್ಲಿಯೋ ದೂರದ ಊರಿನಲ್ಲಿ ಮಾರಾಟವಾಗುವ ಹಾಲು, ಅಂಗಿ, ಸಾಬೂನಿನ ಲಾಭ–ನಷ್ಟ ಬೆಂಗಳೂರಿನ ಸಾವಿರಾರು ಕುಟುಂಬಗಳ ಸಂಬಳಕ್ಕೆ ತಳುಕು ಹಾಕಿಕೊಂಡಿದೆ. ಅದೇ ಅಂಗಡಿಗಳಿಗೆ ಸಿದ್ಧ ಉಡುಪು ಹೊಲಿದು ಕಳುಹಿಸುವ ರಾಜ್ಯದ ಗಾರ್ಮೆಂಟ್ ಕಾರ್ಖಾನೆಗಳ ಕಾರ್ಮಿಕರದ್ದೂ ಇದೇ ಸ್ಥಿತಿ. ಹಲವು ದೇಶಗಳಲ್ಲಿ ವ್ಯಾಪಾರ ನಡೆಸುವ ಚಿಲ್ಲರೆ ಸಂಸ್ಥೆ ಯಾವ ಯಾವ ಹಣಕಾಸು ಅಪಾಯಗಳನ್ನು ಎದುರಿಸುತ್ತದೆ, ಅವುಗಳಲ್ಲಿ ಯಾವುದನ್ನು ತಡೆಯಬಹುದು, ಯಾವುದನ್ನು ತಡೆಯಲಾಗದು ಎಂಬುದಕ್ಕೆ ಟೆಸ್ಕೊದ ಎರಡು ದಶಕಗಳ ಅನುಭವ ಉತ್ತಮ ಪಾಠವಾಗಿದೆ. ಅಪಾಯ ಎಂದೊಡನೆ ಎಲ್ಲರೂ ಹೇಳುವುದು ಡಾಲರ್, ಪೌಂಡ್‌ಗಳ ಏರಿಳಿತವನ್ನು. ವಾಸ್ತವದಲ್ಲಿ ಈ ಸಂಸ್ಥೆಗಳನ್ನು ಹಣ್ಣುಗಾಯಿ ಮಾಡಿದ್ದು ಬೇರೆಯೇ ಸಂಗತಿಗಳು.

ವಿನಿಮಯ ದರದ ಲೆಕ್ಕ

ಬ್ರಿಟನ್ನಿನ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬೀಳುವುದು ಪೌಂಡ್. ಬೆಂಗಳೂರು, ಢಾಕಾ, ಷಾಂಘೈಗಳ ಉಡುಪು ತಯಾರಕರಿಗೆ ಆ ಅಂಗಡಿ ಕೊಡಬೇಕಾದದ್ದು ಸಾಮಾನ್ಯವಾಗಿ ಡಾಲರ್. ಆದೇಶ ನೀಡಿದ ದಿನಕ್ಕೂ ಹಣ ಪಾವತಿಸುವ ದಿನಕ್ಕೂ ಐದಾರು ತಿಂಗಳ ಅಂತರವಿರುತ್ತದೆ. ಅಂಗಿಯ ಮಾರಾಟ ಬೆಲೆ ಮೊದಲೇ ನಿಗದಿಯಾಗಿರುತ್ತದೆ.

ಉದಾಹರಣೆಗೆ 10 ಲಕ್ಷ ಡಾಲರ್ ಮೌಲ್ಯದ ಉಡುಪಿನ ಆದೇಶವೊಂದನ್ನು ತೆಗೆದುಕೊಳ್ಳೋಣ. ಒಂದು ಪೌಂಡ್‌ಗೆ 1.50 ಡಾಲರ್ ಇದ್ದರೆ ಅದರ ವೆಚ್ಚ ಸುಮಾರು 6.67 ಲಕ್ಷ ಪೌಂಡ್. ದರ 1.25 ಡಾಲರ್‌ಗೆ ಕುಸಿದರೆ ಅದೇ ಸರಕಿಗೆ 8 ಲಕ್ಷ ಪೌಂಡ್ ತೆರಬೇಕು. ಒಂದೇ ಒಂದು ಅಂಗಿಯೂ ಹೆಚ್ಚಿಗೆ ಬಾರದೆ ವೆಚ್ಚ ಶೇ 20ರಷ್ಟು ಏರಿದಂತಾಯಿತು.

ಇದು ಕೇವಲ ಕಾಗದದ ಮೇಲಿನ ಲೆಕ್ಕವಲ್ಲ. ಐರೋಪ್ಯ ಒಕ್ಕೂಟದಿಂದ ಹೊರಬರುವ ಬಗ್ಗೆ 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಜನಮತ ನಡೆಯಿತು. ಅಂದು ರಾತ್ರಿ 1.50 ಡಾಲರ್‌ನ ಆಸುಪಾಸಿನಲ್ಲಿದ್ದ ಪೌಂಡ್ ಮರುದಿನ ಒಂದು ಹಂತದಲ್ಲಿ 1.33 ಡಾಲರ್‌ಗಿಂತಲೂ ಕೆಳಗಿಳಿಯಿತು. ಅಕ್ಟೋಬರ್ ಹೊತ್ತಿಗೆ 1.25ರ ಮಟ್ಟವೂ ಉಳಿಯಲಿಲ್ಲ.

ಇಂಥ ಆಘಾತದಿಂದ ಪಾರಾಗಲು ಇರುವ ಸಾಮಾನ್ಯ ಸಾಧನ ಮುಂಗಡ ವಿನಿಮಯ ಒಪ್ಪಂದ. ಆರು ತಿಂಗಳ ನಂತರ ಬೇಕಾಗುವ ಡಾಲರ್ ಅನ್ನು ಇಂದೇ ಗೊತ್ತುಪಡಿಸಿದ ದರದಲ್ಲಿ ಕೊಡುವುದಾಗಿ ಬ್ಯಾಂಕ್ ಒಪ್ಪಿಕೊಳ್ಳುತ್ತದೆ. ಆ ಹೊತ್ತಿಗೆ ಪೇಟೆಯ ದರ ಏರಿರಲಿ, ಇಳಿದಿರಲಿ, ಒಪ್ಪಂದದ ದರ ಬದಲಾಗದು. ದೊಡ್ಡ ಸಂಸ್ಥೆಗಳ ಖಜಾನೆ ವಿಭಾಗಗಳು ಇದನ್ನು ಹಂತ ಹಂತವಾಗಿ ಮಾಡುವುದು ವಾಡಿಕೆ: ಹತ್ತಿರದ ತಿಂಗಳುಗಳ ಖರೀದಿಯ ಬಹುಪಾಲಿಗೆ ರಕ್ಷಣೆ, ದೂರದ ತಿಂಗಳುಗಳ ಖರೀದಿಗೆ ಕಡಿಮೆ ಪ್ರಮಾಣದ ರಕ್ಷಣೆ. ಹೀಗಾಗಿ ಯಾವುದೇ ಒಂದು ದಿನದ ದರಕ್ಕೆ ಇಡೀ ವರ್ಷದ ವ್ಯಾಪಾರ ಸಿಕ್ಕಿಕೊಳ್ಳುವುದಿಲ್ಲ. ಇನ್ನೊಂದು ಉಪಾಯವೂ ಉಂಟು. ಯಾವ ದೇಶದಲ್ಲಿ ಅಂಗಡಿಗಳಿವೆಯೋ ಆ ದೇಶದ ಕರೆನ್ಸಿಯಲ್ಲಿಯೇ ಸಾಲ ಪಡೆದರೆ, ಅಲ್ಲಿನ ನಾಣ್ಯ ಕುಸಿದಾಗ ಆಸ್ತಿಯ ಮೌಲ್ಯದ ಜೊತೆಗೆ ಸಾಲದ ಭಾರವೂ ಕುಗ್ಗುತ್ತದೆ.

ಆದರೆ ಮುಂಗಡ ಒಪ್ಪಂದ ಕೊಡುವುದು ಕಾಲಾವಕಾಶವನ್ನು ಮಾತ್ರ. ಅವಧಿ ಮುಗಿದ ಮೇಲೆ ಹೊಸ ದರವನ್ನು ಎದುರಿಸಲೇಬೇಕು. 2016ರ ಅಕ್ಟೋಬರ್‌ನಲ್ಲಿ ಯೂನಿಲಿವರ್ ಸಂಸ್ಥೆ ಪೌಂಡ್ ಕುಸಿತದ ಕಾರಣ ನೀಡಿ ಬೆಲೆಯನ್ನು ಸುಮಾರು ಶೇ 10ರಷ್ಟು ಏರಿಸಬೇಕೆಂದು ಕೇಳಿತು. ಟೆಸ್ಕೊ ಒಪ್ಪಲಿಲ್ಲ. ಬ್ರಿಟಿಷರು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ‘ಮಾರ್ಮೈಟ್’ ಸೇರಿದಂತೆ ಹಲವು ವಸ್ತುಗಳು ಟೆಸ್ಕೊದ ಅಂತರ್ಜಾಲ ಮಳಿಗೆಯಿಂದ ಮಾಯವಾದವು. ಸುದ್ದಿ ಹೊರಬಿದ್ದ ಮರುದಿನವೇ ರಾಜಿಯಾಯಿತಾದರೂ, ಕುಸಿದ ನಾಣ್ಯದ ಹೊರೆಯನ್ನು ತಯಾರಕ, ಅಂಗಡಿ, ಗ್ರಾಹಕ ಈ ಮೂವರಲ್ಲಿ ಯಾರಾದರೂ ಹೊರಲೇಬೇಕೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ವಿಮೆಯೋ, ಜೂಜೋ?

ಸರಕು ಕಳುಹಿಸುವ ನಮ್ಮ ರಫ್ತುದಾರನಿಗೆ ಈ ಲೆಕ್ಕ ತಿರುವುಮುರುವು. ಡಾಲರ್ ಅಗ್ಗವಾದರೆ ಆತನಿಗೆ ನಷ್ಟ. 2007ರ ಆರಂಭದಲ್ಲಿ 44 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ವರ್ಷಾಂತ್ಯಕ್ಕೆ 39 ರೂಪಾಯಿಯ ಮಟ್ಟಕ್ಕೆ ಇಳಿಯಿತು. 10 ಲಕ್ಷ ಡಾಲರ್ ಆದೇಶ ಪಡೆದಿದ್ದವನಿಗೆ 4.40 ಕೋಟಿ ರೂಪಾಯಿ ಬದಲು 3.90 ಕೋಟಿ ರೂಪಾಯಿ ಕೈಸೇರುತ್ತದೆ. ಆತ ಶೇ 8ರ ಲಾಭ ಲೆಕ್ಕ ಹಾಕಿದ್ದನೆಂದುಕೊಂಡರೆ ಆ ಲಾಭ 35 ಲಕ್ಷ ರೂಪಾಯಿ. ವಿನಿಮಯ ದರದಿಂದಾದ ನಷ್ಟವೇ 50 ಲಕ್ಷ ರೂಪಾಯಿ.

ಇಂಥ ಸಂದರ್ಭದಲ್ಲಿ ದೇಶದ ಅನೇಕ ಸಣ್ಣ, ಮಧ್ಯಮ ರಫ್ತುದಾರರು ಬ್ಯಾಂಕುಗಳ ಸಲಹೆಯಂತೆ ಸಂಕೀರ್ಣ ಕರೆನ್ಸಿ ಒಪ್ಪಂದಗಳಿಗೆ ಸಹಿ ಹಾಕಿದರು. ತಿರುಪ್ಪೂರಿನ ಉಡುಪು ತಯಾರಕರು ಇದರಲ್ಲಿ ಹೆಚ್ಚು ಸುದ್ದಿಯಾದವರು. ವ್ಯಾಪಾರ ರೂಪಾಯಿ–ಡಾಲರ್‌ನಲ್ಲಿದ್ದರೆ ಒಪ್ಪಂದ ಸ್ವಿಸ್ ಫ್ರಾಂಕ್, ಜಪಾನಿನ ಯೆನ್‌ಗಳ ಮೇಲೆ ನಿಂತಿತ್ತು. ಆರಂಭದಲ್ಲಿ ಒಂದಿಷ್ಟು ಆದಾಯ ಕೈಗೆ ಬರುತ್ತಿದ್ದುದೇ ಅದರ ಆಕರ್ಷಣೆ. 2008ರ ಮಾರ್ಚ್ ಹೊತ್ತಿಗೆ ಡಾಲರ್ ಎದುರು ಫ್ರಾಂಕ್ ಮತ್ತು ಯೆನ್ ಬಲಗೊಂಡಾಗ ನಷ್ಟ ಮಿತಿಮೀರಿತು. ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿದವು. ಡೆರಿವೇಟಿವ್ ನಿಯಮಗಳನ್ನು ಉಲ್ಲಂಘಿಸಿದ್ದಕ್ಕಾಗಿ ರಿಸರ್ವ್ ಬ್ಯಾಂಕ್ 2011ರ ಏಪ್ರಿಲ್‌ನಲ್ಲಿ 19 ಬ್ಯಾಂಕುಗಳಿಗೆ ದಂಡ ವಿಧಿಸಿತು. ದಂಡದ ಮೊತ್ತ ತಲಾ 5 ಲಕ್ಷದಿಂದ 15 ಲಕ್ಷ ರೂಪಾಯಿ. ರಫ್ತುದಾರರು ಕಳೆದುಕೊಂಡದ್ದರ ಮುಂದೆ ಅದು ಚಿಲ್ಲರೆ ಕಾಸು.

ಎರಡಕ್ಕೂ ಇರುವ ವ್ಯತ್ಯಾಸ ಸರಳವಾದುದು. ಬರಬೇಕಾದ ಅಥವಾ ಕೊಡಬೇಕಾದ ಹಣದಷ್ಟೇ ಮೊತ್ತಕ್ಕೆ, ಅದೇ ಕರೆನ್ಸಿಯಲ್ಲಿ, ಅದೇ ಅವಧಿಗೆ ಮಾಡಿಕೊಂಡ ಒಪ್ಪಂದ ವಿಮೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಜೂಜಿನತ್ತ ವಾಲುತ್ತದೆ. ಭಾರತದಲ್ಲಿ ಬಡ್ಡಿ ದರ ಅಮೆರಿಕಕ್ಕಿಂತ ಹೆಚ್ಚಿರುವಾಗ ಮುಂಗಡ ಡಾಲರ್ ದರ ಇಂದಿನ ದರಕ್ಕಿಂತ ತುಸು ಮೇಲಿರುತ್ತದೆ. ಆದ್ದರಿಂದ ಸರಳ ಮುಂಗಡ ಒಪ್ಪಂದ ರಫ್ತುದಾರನಿಗೆ ಸಾಮಾನ್ಯವಾಗಿ ಲಾಭವನ್ನೇ ತರುತ್ತದೆ, ಹೊರೆಯಾಗುವುದು ಆಮದುದಾರನಿಗೆ. ಇಷ್ಟು ಸರಳ ದಾರಿ ಇರುವಾಗ ಯೆನ್, ಫ್ರಾಂಕ್‌ಗಳ ಸಹವಾಸ ಬೇಕಿರಲಿಲ್ಲ.

ರಕ್ಷಣೆ ಸಿಗದ ಅಪಾಯ

ವಿನಿಮಯ ದರಕ್ಕೆ ಬ್ಯಾಂಕಿನಲ್ಲಿ ರಕ್ಷಣೆ ದೊರೆಯುತ್ತದೆ, ಬೆಂಕಿ ಅನಾಹುತಕ್ಕೆ ವಿಮೆ ದೊರೆಯುತ್ತದೆ. ಆದರೆ ಗ್ರಾಹಕರು ಬಾರದ ಊರಿನಲ್ಲಿ ಅಂಗಡಿ ಕಟ್ಟಿದರೆ ಅದಕ್ಕೆ ಯಾವ ಬ್ಯಾಂಕೂ ಒಪ್ಪಂದ ಬರೆದುಕೊಡುವುದಿಲ್ಲ.

ಟೆಸ್ಕೊ 2007ರ ನವೆಂಬರ್‌ನಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ‘ಫ್ರೆಶ್ ಅಂಡ್ ಈಸಿ’ ಹೆಸರಿನ ಮಳಿಗೆಗಳನ್ನು ಆರಂಭಿಸಿತು. ಕ್ಯಾಲಿಫೋರ್ನಿಯಾ, ನೆವಾಡಾ, ಅರಿಜೋನಾಗಳಲ್ಲಿ ಸುಮಾರು 200 ಮಳಿಗೆಗಳು ತಲೆಯೆತ್ತಿದವು. ಆ ಪ್ರದೇಶಗಳಲ್ಲಿಯೇ ಮನೆ ಸಾಲದ ಬಿಕ್ಕಟ್ಟು ಅತಿ ತೀವ್ರವಾಗಿ ಬಡಿಯಿತು. ಐದು ವರ್ಷ ಕಾದರೂ ಲಾಭ ಕಾಣದೆ, 2013ರ ಏಪ್ರಿಲ್‌ನಲ್ಲಿ ಅಮೆರಿಕ ಬಿಟ್ಟು ಹೊರಡುವ ನಿರ್ಧಾರವನ್ನು ಸಂಸ್ಥೆ ಪ್ರಕಟಿಸಿತು. ಅದಕ್ಕಾಗಿ ಲೆಕ್ಕದಿಂದ ಕಿತ್ತುಹಾಕಿದ ಮೊತ್ತ ಸುಮಾರು 120 ಕೋಟಿ ಪೌಂಡ್. ಬ್ರಿಟನ್ನಿನಲ್ಲಿ ಅಂಗಡಿ ಕಟ್ಟಲೆಂದು ಖರೀದಿಸಿಟ್ಟಿದ್ದ ನಿವೇಶನಗಳ ಬಾಬ್ತು ಅದೇ ದಿನ ಇನ್ನೂ 80.4 ಕೋಟಿ ಪೌಂಡ್ ಮೌಲ್ಯ ತಗ್ಗಿಸಲಾಯಿತು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಟೆಸ್ಕೊದ ವಾರ್ಷಿಕ ಲಾಭ ಇಳಿಯಿತು.

ಇಲ್ಲಿನ ಅಪಾಯ ಅವಧಿಯದು. ದಾಸ್ತಾನಿನಲ್ಲಿರುವ ಅಂಗಿ ಮಾರಾಟವಾಗದಿದ್ದರೆ ಬೆಲೆ ಇಳಿಸಿ ಒಂದು ಋತುವಿನಲ್ಲಿ ಕೈತೊಳೆದುಕೊಳ್ಳಬಹುದು. ಅಂಗಡಿ ಕಟ್ಟಡದ ಬಾಡಿಗೆ ಕರಾರು ಹದಿನೈದು, ಇಪ್ಪತ್ತು ವರ್ಷಗಳದ್ದು. ವ್ಯಾಪಾರ ನಿಂತರೂ ಬಾಡಿಗೆ ನಿಲ್ಲದು. ಸ್ವಂತ ಕಟ್ಟಡಗಳನ್ನು ಮಾರಿ ಅವನ್ನೇ ಬಾಡಿಗೆಗೆ ಪಡೆದು ನಗದು ಹೊಂದಿಸಿಕೊಳ್ಳುವ ಪದ್ಧತಿಯೂ ಆ ವರ್ಷಗಳಲ್ಲಿ ಜೋರಾಗಿತ್ತು, ಟೆಸ್ಕೊ ಕೂಡ ಅದನ್ನು ಅನುಸರಿಸಿತ್ತು. ಇಂಥ ಬಾಡಿಗೆ ಹೊಣೆ ಬಹುಪಾಲು ಆಯವ್ಯಯ ಪಟ್ಟಿಯ ಹೊರಗೇ ಉಳಿಯುತ್ತಿತ್ತು. 2019ರಿಂದ ಜಾರಿಗೆ ಬಂದ ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಅದನ್ನು ಸಾಲದಂತೆಯೇ ತೋರಿಸಬೇಕೆಂದು ವಿಧಿಸಿತು. ಅದೇ ವರ್ಷ ಭಾರತದಲ್ಲಿಯೂ ಸಮಾನ ನಿಯಮ ಬಂದಿತು. ಚಿಲ್ಲರೆ ಸಂಸ್ಥೆಯ ವಾರ್ಷಿಕ ವರದಿ ಓದುವವರು ಮಾರಾಟದ ಅಂಕಿಗಿಂತ ಮೊದಲು ಈ ಬಾಡಿಗೆ ಹೊಣೆಯ ಅಂಕಿಯನ್ನು ನೋಡುವುದು ಒಳಿತು.

ಕೂಸು ಹುಟ್ಟುವ ಮುನ್ನ ಕುಲಾವಿ

ಎರಡನೆಯ ದೊಡ್ಡ ಏಟು ಬಿದ್ದದ್ದು ಲೆಕ್ಕದ ಪುಸ್ತಕದೊಳಗೆ. ದೊಡ್ಡ ಅಂಗಡಿಗಳು ತಯಾರಕರಿಂದ ಸರಕು ಕೊಳ್ಳುವುದಷ್ಟೇ ಅಲ್ಲ, ಅವರಿಂದ ಹಣವನ್ನೂ ಪಡೆಯುತ್ತವೆ. ಗೊತ್ತುಪಡಿಸಿದ ಪ್ರಮಾಣ ಮಾರಾಟವಾದರೆ ರಿಯಾಯಿತಿ, ಕಣ್ಣಿಗೆ ಬೀಳುವ ಕಪಾಟಿನಲ್ಲಿ ಜಾಗ ಕೊಟ್ಟರೆ ಶುಲ್ಕ, ಜಾಹೀರಾತಿಗೆ ಪಾಲು ಹೀಗೆ. ಇದಕ್ಕೆ ವಾಣಿಜ್ಯ ಆದಾಯ ಎಂದು ಹೆಸರು. ವರ್ಷದ ಕೊನೆಗೆ ಬರಬಹುದಾದ ರಿಯಾಯಿತಿಯನ್ನು ವರ್ಷದ ಮಧ್ಯದಲ್ಲಿಯೇ ಅಂದಾಜು ಮಾಡಿ ಬರೆದುಕೊಳ್ಳುವ ಅವಕಾಶ ಇರುವುದರಿಂದ, ಗುರಿ ತಲುಪದ ಅಧಿಕಾರಿಗೆ ಇದೊಂದು ಪ್ರಲೋಭನೆ.

2014ರ ಸೆಪ್ಟೆಂಬರ್ 22ರಂದು ಟೆಸ್ಕೊ ತನ್ನ ಅರ್ಧ ವರ್ಷದ ಲಾಭದ ಅಂದಾಜಿನಲ್ಲಿ 25 ಕೋಟಿ ಪೌಂಡ್ ಹೆಚ್ಚಾಗಿ ತೋರಿಸಲಾಗಿದೆ ಎಂದು ತಾನೇ ಪ್ರಕಟಿಸಿತು. ಮುಂದಿನ ತಿಂಗಳು ಆ ಮೊತ್ತ 26.3 ಕೋಟಿ ಪೌಂಡ್ ಎಂದು ತಿದ್ದಲಾಯಿತು. ಬಾರದ ಆದಾಯವನ್ನು ಬಂದಂತೆಯೂ, ಕೊಡಬೇಕಾದ ವೆಚ್ಚವನ್ನು ಮುಂದಕ್ಕೂ ತಳ್ಳಲಾಗಿತ್ತು. 2015ರ ಜನವರಿಯಲ್ಲಿ ಮೂಡೀಸ್ ಮತ್ತು ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆಗಳು ಟೆಸ್ಕೊದ ಸಾಲಪತ್ರಗಳನ್ನು ಹೂಡಿಕೆಗೆ ಯೋಗ್ಯವಲ್ಲದ ದರ್ಜೆಗೆ ಇಳಿಸಿದವು. ಅದೇ ಏಪ್ರಿಲ್‌ನಲ್ಲಿ ಪ್ರಕಟವಾದ ತೆರಿಗೆ ಪೂರ್ವ ನಷ್ಟ ಸುಮಾರು 640 ಕೋಟಿ ಪೌಂಡ್. ಅದರಲ್ಲಿ 470 ಕೋಟಿ ಪೌಂಡ್ ಕಟ್ಟಡ ಮತ್ತು ನಿವೇಶನಗಳ ಮೌಲ್ಯ ಕುಸಿತದ್ದು ಎಂಬುದು ಗಮನಾರ್ಹ.

ಬ್ರಿಟನ್ನಿನ ತನಿಖಾ ಸಂಸ್ಥೆಯೊಂದಿಗೆ 2017ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಟೆಸ್ಕೊದ ಅಂಗಸಂಸ್ಥೆ ಸುಮಾರು 12.9 ಕೋಟಿ ಪೌಂಡ್ ದಂಡ ತೆರಬೇಕಾಯಿತು. ಆರೋಪ ಎದುರಿಸಿದ ಮೂವರು ಮಾಜಿ ಅಧಿಕಾರಿಗಳು ಮಾತ್ರ ನ್ಯಾಯಾಲಯದಲ್ಲಿ ದೋಷಮುಕ್ತರಾದರು.

ವೈಟ್‌ಫೀಲ್ಡ್‌ನಂಥ ಕೇಂದ್ರಗಳ ನಿಜವಾದ ಮಹತ್ವ ಇಂಥಲ್ಲಿದೆ. ಖರೀದಿದಾರ ಅಧಿಕಾರಿ ತಾನೇ ಒಪ್ಪಂದ ಮಾಡಿ, ತಾನೇ ಆದಾಯ ಅಂದಾಜಿಸಿ, ತಾನೇ ಲೆಕ್ಕಕ್ಕೆ ಸೇರಿಸಿದರೆ ತಡೆಯುವವರು ಯಾರೂ ಇರುವುದಿಲ್ಲ. ತಯಾರಕನ ಸಹಿಯುಳ್ಳ ಪತ್ರವಿದೆಯೇ, ಹಣ ಬ್ಯಾಂಕಿಗೆ ಬಂದಿದೆಯೇ ಎಂದು ಬೇರೊಂದು ಊರಿನಲ್ಲಿ, ಬೇರೊಬ್ಬ ಮೇಲಧಿಕಾರಿಯ ಕೈಕೆಳಗಿರುವ ಗುಮಾಸ್ತ ಕೇಳಿದರೆ ಅದೇ ಮೊದಲ ಕಾವಲು. ಆ ಗುಮಾಸ್ತನಿಗೆ ‘ಇಲ್ಲ’ ಎನ್ನುವ ಅಧಿಕಾರ ಇರಬೇಕು. ಕಾಗದ ವಿಲೇವಾರಿ ಮಾಡುವುದಷ್ಟೇ ಆತನ ಕೆಲಸವಾದರೆ ದೂರದಿಂದ ಪ್ರಯೋಜನವಿಲ್ಲ.

ಹೊರಡುವ ದಾರಿ

ನಷ್ಟದ ನಂತರ ಟೆಸ್ಕೊ ಒಂದೊಂದಾಗಿ ದೇಶಗಳನ್ನು ಬಿಟ್ಟಿತು. 2015ರಲ್ಲಿ ದಕ್ಷಿಣ ಕೊರಿಯಾದ ‘ಹೋಮ್‌ಪ್ಲಸ್’ ಅನ್ನು ಸುಮಾರು 420 ಕೋಟಿ ಪೌಂಡ್‌ಗೆ ಮಾರಿತು. 2020ರಲ್ಲಿ ಥಾಯ್ಲೆಂಡ್ ಮತ್ತು ಮಲೇಷ್ಯಾ ವ್ಯವಹಾರಗಳನ್ನು 1,060 ಕೋಟಿ ಡಾಲರ್‌ಗೆ ಸಿ.ಪಿ. ಸಮೂಹಕ್ಕೆ ಒಪ್ಪಿಸಿತು. ಆ ಹಣದಲ್ಲಿ 250 ಕೋಟಿ ಪೌಂಡ್ ನೌಕರರ ಪಿಂಚಣಿ ನಿಧಿಗೆ ಸಂದಿತು, 500 ಕೋಟಿ ಪೌಂಡ್ ಷೇರುದಾರರಿಗೆ ಹೋಯಿತು. ಇವೆರಡೂ ಲಾಭದಲ್ಲಿದ್ದ ವ್ಯವಹಾರಗಳು. ತಾಯ್ನಾಡಿನ ಸಾಲ ತೀರಿಸಲು ಹೊರನಾಡಿನ ಬಂಗಾರ ಮಾರಿದಂತಾಯಿತು.

ಭಾರತದಲ್ಲಿ ಟೆಸ್ಕೊ ಇಟ್ಟ ಹೆಜ್ಜೆ ಚಿಕ್ಕದು. ಬಹುಬ್ರ್ಯಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರವರೆಗೆ ವಿದೇಶಿ ಹೂಡಿಕೆಗೆ ಕೇಂದ್ರ ಸರ್ಕಾರ 2012ರಲ್ಲಿ ಅವಕಾಶ ಕಲ್ಪಿಸಿತು. ರಾಜ್ಯಗಳ ಒಪ್ಪಿಗೆಯೂ ಬೇಕಿತ್ತು. ಟೆಸ್ಕೊ 2014ರಲ್ಲಿ ಟಾಟಾ ಸಮೂಹದ ಟ್ರೆಂಟ್ ಜೊತೆ ಅರ್ಧ ಪಾಲಿನ ಒಪ್ಪಂದ ಮಾಡಿಕೊಂಡು ‘ಸ್ಟಾರ್ ಬಜಾರ್’ ಮಳಿಗೆಗಳಲ್ಲಿ ಸೇರಿಕೊಂಡಿತು. ಹೂಡಿದ್ದು ಸುಮಾರು 8.5 ಕೋಟಿ ಪೌಂಡ್. ಅಮೆರಿಕದಲ್ಲಿ ಕಳೆದದ್ದರ ಹತ್ತನೆಯ ಒಂದು ಭಾಗಕ್ಕಿಂತಲೂ ಇದು ಕಡಿಮೆ. ಸ್ಥಳೀಯ ಪಾಲುದಾರ, ಸೀಮಿತ ಬಂಡವಾಳ, ನಿಧಾನ ವಿಸ್ತರಣೆ ಇವೂ ಅಪಾಯ ನಿರ್ವಹಣೆಯ ಸಾಧನಗಳೇ.

ಇದಕ್ಕೆ ಹೋಲಿಸಬಹುದಾದ ಇನ್ನೊಂದು ಉದಾಹರಣೆ ಬೆಂಗಳೂರಿನಲ್ಲಿಯೇ ಇದೆ. ಜರ್ಮನಿಯ ಮೆಟ್ರೊ ಎಜಿ ಸಂಸ್ಥೆ ಭಾರತದಲ್ಲಿ ತನ್ನ ಮೊದಲ ಸಗಟು ಮಳಿಗೆಯನ್ನು 2003ರಲ್ಲಿ ಯಶವಂತಪುರದಲ್ಲಿ ತೆರೆಯಿತು. ನೋಂದಾಯಿತ ವ್ಯಾಪಾರಿಗಳಿಗೆ ಮಾತ್ರ ಮಾರಬೇಕೆಂಬ ಕಟ್ಟಳೆಯ ನಡುವೆ ಎರಡು ದಶಕ ವ್ಯಾಪಾರ ನಡೆಸಿ 31 ಮಳಿಗೆಗಳವರೆಗೆ ಬೆಳೆಯಿತು. 2022ರ ಡಿಸೆಂಬರ್‌ನಲ್ಲಿ ಅವೆಲ್ಲವನ್ನೂ 2,850 ಕೋಟಿ ರೂಪಾಯಿಗೆ ರಿಲಯನ್ಸ್ ರಿಟೇಲ್‌ಗೆ ಮಾರುವುದಾಗಿ ಪ್ರಕಟಿಸಿತು. 2023ರ ಮೇ ತಿಂಗಳಲ್ಲಿ ವ್ಯವಹಾರ ಪೂರ್ಣಗೊಂಡಿತು. ಹೊರಡುವಾಗ ಕೊಳ್ಳುವವರಿದ್ದರು ಎಂಬುದು ಅದರ ಅದೃಷ್ಟ ಮಾತ್ರವಲ್ಲ. ಮಾರಬಲ್ಲಂಥ ಆಸ್ತಿಯನ್ನು ಕಟ್ಟಿಕೊಂಡಿದ್ದರ ಫಲವೂ ಹೌದು.

ಅಪಾಯ ದಾಟಿಸುವ ಆಟ

ಚಿಲ್ಲರೆ ವ್ಯಾಪಾರದಲ್ಲಿ ಗ್ರಾಹಕನ ಹಣ ಕೂಡಲೇ ಬರುತ್ತದೆ, ತಯಾರಕನಿಗೆ ಹಣ ಕೊಡುವುದು ತಿಂಗಳುಗಳ ನಂತರ. ಅಂದರೆ ಅಂಗಡಿಯ ದುಡಿಯುವ ಬಂಡವಾಳವನ್ನು ವಾಸ್ತವದಲ್ಲಿ ಒದಗಿಸುವವನು ತಯಾರಕ. ಅಂಗಡಿಗೆ ಕಷ್ಟ ಬಂದಾಗ ಮೊದಲು ಉದ್ದವಾಗುವುದು ಈ ಗಡುವೇ. ಟೆಸ್ಕೊ ತಯಾರಕರಿಗೆ ಹಣ ಪಾವತಿಸಲು ವಿಳಂಬ ಮಾಡಿ ನೀತಿ ಸಂಹಿತೆಯನ್ನು ಉಲ್ಲಂಘಿಸಿದೆ ಎಂದು ಬ್ರಿಟನ್ನಿನ ದಿನಸಿ ವ್ಯಾಪಾರ ನಿಗಾ ಅಧಿಕಾರಿ 2016ರ ಜನವರಿಯಲ್ಲಿ ವರದಿ ನೀಡಿದ್ದರು.

ಕೋವಿಡ್ ಕಾಲದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಅಂಗಡಿಗಳು ಮುಚ್ಚಿದೊಡನೆ ಪಾಶ್ಚಾತ್ಯ ಸಂಸ್ಥೆಗಳು ಆದೇಶಗಳನ್ನು ರದ್ದುಪಡಿಸಿದವು ಅಥವಾ ಮುಂದೂಡಿದವು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಮೂಹದ ಉಡುಪು ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಬೀದಿಗೆ ಬಿದ್ದರು. ಆದೇಶಗಳ ಕೊರತೆಯೇ ಕಾರಣವೆಂದು ಆಡಳಿತ ವರ್ಗ ಹೇಳಿತು. ಕಾರ್ಮಿಕ ಸಂಘ ಅದನ್ನು ಒಪ್ಪದೆ, ಸಂಘಟನೆಯನ್ನು ಮುರಿಯುವ ಯತ್ನವೆಂದು ಆರೋಪಿಸಿ ಧರಣಿ ನಡೆಸಿತು. ಅದೇ ವರ್ಷದ ಕೊನೆಗೆ ಬ್ರಿಟನ್ನಿನ ಅರ್ಕೇಡಿಯಾ ಸಮೂಹ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಮರುದಿನವೇ ಡೆಬೆನ್‌ಹ್ಯಾಮ್ಸ್ ಮುಚ್ಚುವ ಸುದ್ದಿ ಬಂದಿತು. ಎರಡೂ ಏಷ್ಯಾದ ಕಾರ್ಖಾನೆಗಳಿಂದ ದೊಡ್ಡ ಪ್ರಮಾಣದಲ್ಲಿ ಉಡುಪು ಖರೀದಿಸುತ್ತಿದ್ದ ಸಂಸ್ಥೆಗಳು.

ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್‌ಗಳ ಸಣ್ಣ ರಫ್ತುದಾರನಿಗೆ ಟೆಸ್ಕೊದಂಥ ಖಜಾನೆ ವಿಭಾಗ ಇರುವುದಿಲ್ಲ. ಆತನಿಗೆ ಲಭ್ಯವಿರುವ ಮುಖ್ಯ ಆಸರೆ, ಕೇಂದ್ರ ಸರ್ಕಾರದ ಒಡೆತನದ ಇಸಿಜಿಸಿ ಎಂಬ ರಫ್ತು ಸಾಲ ಖಾತರಿ ಸಂಸ್ಥೆ. 1957ರಲ್ಲಿ ಸ್ಥಾಪನೆಯಾದ ಇದು, ವಿದೇಶಿ ಖರೀದಿದಾರ ದಿವಾಳಿಯಾದಾಗ ಅಥವಾ ಹಣ ಕೊಡದಿದ್ದಾಗ ನಷ್ಟದ ಬಹುಪಾಲನ್ನು ತುಂಬಿಕೊಡುತ್ತದೆ. ಖರೀದಿದಾರನ ಹೆಸರಿನಲ್ಲಿ ಮೊದಲೇ ಸಾಲದ ಮಿತಿ ಮಂಜೂರು ಮಾಡಿಸಿಕೊಂಡಿರಬೇಕು.

ಆದರೆ ಈ ವಿಮೆಯ ಷರತ್ತುಗಳನ್ನು ರಫ್ತುದಾರರು ಓದಿಯೇ ಸಹಿ ಹಾಕುವುದು ಅಗತ್ಯ. ಸಾಮಾನ್ಯ ಸರಕು ರವಾನೆ ಪಾಲಿಸಿಯ ರಕ್ಷಣೆ ಆರಂಭವಾಗುವುದು ಸರಕು ಹಡಗೇರಿದ ಮೇಲೆ. ಬಟ್ಟೆ ಕತ್ತರಿಸಿ ಹೊಲಿಗೆ ಅರ್ಧಕ್ಕೆ ಬಂದಾಗ ಆದೇಶ ರದ್ದಾದರೆ ಅದು ಅನ್ವಯಿಸದು. ಅದಕ್ಕೆ ಬೇರೆ ಪಾಲಿಸಿ ಬೇಕು. ಗುಣಮಟ್ಟ ಸರಿಯಿಲ್ಲವೆಂದು ಖರೀದಿದಾರ ತಕರಾರು ತೆಗೆದರೆ, ಆತನ ದೇಶದ ನ್ಯಾಯಾಲಯದಲ್ಲಿ ರಫ್ತುದಾರ ತನ್ನ ಪರವಾಗಿ ತೀರ್ಪು ಪಡೆದ ಹೊರತು ಪರಿಹಾರ ದೊರೆಯುವುದಿಲ್ಲ. ವಿನಿಮಯ ದರದ ನಷ್ಟವೂ ಇದರ ವ್ಯಾಪ್ತಿಗೆ ಬಾರದು. ಅದಕ್ಕೆ ಬ್ಯಾಂಕಿನ ಮುಂಗಡ ಒಪ್ಪಂದವನ್ನೇ ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು.